ನನ್ನದೇ ಸೋಲು

ಆಟ ಬಾರದವರ ಕೈಲಿ ಸೋಲುವುದಿದೆಯಲ್ಲ, ಅದರಷ್ಟು ಕಷ್ಟದ ವಿದ್ಯೆ ಇನ್ನೊಂದಿಲ್ಲ. ನಂಬದಿದ್ದರೆ ಬಿಡಿ. ಗೆಲ್ಲುವುದನ್ನು ಯಾರು ಬೇಕಾದರೂ ಕಲಿಸುತ್ತಾರೆ, ಕೊರಳಿಗೆ ಸೀಟಿ ನೇತುಹಾಕಿಕೊಂಡ ಪ್ರತಿಯೊಬ್ಬ ಡ್ರಿಲ್ ಮೇಷ್ಟ್ರೂ ಕಲಿಸುತ್ತಾರೆ. ಆದರೆ ಹೊಟ್ಟೆ ಮುಂದೆ ಬಂದ, ಎರಡು ಹೆಜ್ಜೆ ಓಡಿದರೆ ಏದುಸಿರು ಬಿಡುವ ಇಂಜಿನಿಯರ್ ಸಾಹೇಬರೊಬ್ಬರಿಗೆ, ಅವರಿಗಾಗಲಿ ಸುತ್ತ ಕೂತು ನೋಡುವವರಿಗಾಗಲಿ ಎಳ್ಳಷ್ಟೂ ಅನುಮಾನ ಬಾರದ ಹಾಗೆ ಹದಿನೈದು–ಹದಿಮೂರಕ್ಕೆ ಸೋಲುವುದನ್ನು ಯಾರು ಕಲಿಸುತ್ತಾರೆ? ಯಾರೂ ಇಲ್ಲ. ನಾನು ಅದನ್ನು ಹನ್ನೊಂದನೇ ವಯಸ್ಸಿಗೆ ನಾನಾಗಿಯೇ ಕಲಿತೆ. ಹೊಳೆನರಸೀಪುರದಲ್ಲಿ ನನ್ನಷ್ಟು ಚೆನ್ನಾಗಿ ಸೋಲುವವರು ಆಗಲೂ ಇರಲಿಲ್ಲ, ಈಗಲೂ ಇದ್ದ ಹಾಗೆ ಕಾಣೆ.

ಆಗ ನಮ್ಮೂರಲ್ಲಿ ಸೂರು ಇದ್ದ ಶಟಲ್ ಕೋರ್ಟ್ ಎಂದರೆ ಕ್ಲಬ್ಬಿನದು ಒಂದೇ. ಮೇಲೆ ಶೀಟು, ಕೆಳಗೆ ಸಿಮೆಂಟು, ಎರಡು ಕಡೆ ಟ್ಯೂಬ್‌ಲೈಟು. ಸಂಜೆಯಾದರೆ ಆಫೀಸರುಗಳು ಬಿಳಿ ಚಡ್ಡಿ ಹಾಕಿಕೊಂಡು ಬರುತ್ತಿದ್ದರು. ನಮ್ಮಪ್ಪ ಚಲುವನಾರಾಯಣ, ಇಂಜಿನಿಯರ್ ಕಚೇರಿಯಲ್ಲಿ ಗುಮಾಸ್ತರು. ಕ್ಲಬ್ಬಿನ ಬೀಗದ ಕೈ ಅವರ ಜೇಬಿನಲ್ಲೇ ಇರುತ್ತಿತ್ತು. ಆ ಸಲಿಗೆಯ ಮೇಲೆ ನಾನು ಶಾಲೆ ಬಿಟ್ಟ ತಕ್ಷಣ ಒಳಗೆ ನುಗ್ಗಿ, ಆಫೀಸರುಗಳು ಆಡಿ ಬಿಸಾಕಿದ ಗರಿ ಮುರಿದ ಕಾಕ್‌ಗಳನ್ನು ಗೋಡೆಗೆ ಹೊಡೆಯುತ್ತಿದ್ದೆ. ಒಂದು ಸಂಜೆ ಅಪ್ಪನ ಸಾಹೇಬರಾದ ಬಸವರಾಜು ಅವರಿಗೆ ಜೊತೆಗಾರರು ಬರಲಿಲ್ಲ. "ಬಾರಮ್ಮ ಪುಟ್ಟಿ, ಒಂದು ಗೇಮ್ ಆಡಾಣ" ಎಂದು ಕರೆದರು. ಹೋದೆ. ಕೂಸಿಗೆ ಏನು ಗೊತ್ತು? ಹದಿನೈದು–ಆರಕ್ಕೆ ಗೆದ್ದುಬಿಟ್ಟೆ. ಸುತ್ತ ಕೂತವರು ಹೋ ಎಂದು ನಕ್ಕರು. ಸಾಹೇಬರು ತಂದಿಟ್ಟ ಕಾಫಿಯನ್ನು ಕುಡಿಯದೆ ಎದ್ದು ಹೋದರು.

ಮಾರನೆಯ ದಿನ ಕ್ಲಬ್ಬಿನೊಳಗೆ ಮಕ್ಕಳನ್ನು ಬಿಡಕೂಡದು ಎಂಬ ಹುಕುಂ ಬಂತು. ನಾನು ಮೂರು ದಿನ ಅನ್ನ ಬಿಟ್ಟು ಅತ್ತೆ. ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ಪಕ್ಕದಲ್ಲಿ ಕೂತು ಮೆತ್ತಗೆ ಕೇಳಿದರು: "ಹಂಸು, ನಿನಗೆ ಆಡೋದು ಬೇಕೋ, ಗೆಲ್ಲೋದು ಬೇಕೋ?"

"ಆಡೋದು."

"ಹಾಗಾದ್ರೆ ದೊಡ್ಡವರ ಮರ್ಯಾದೆ ಉಳಿಸಿ ಆಡೋದು ಕಲಿ. ಆಟ ಎಲ್ಲಿಗೂ ಹೋಗಲ್ಲ. ಸಾಹೇಬರ ಹತ್ತಿರ ಹೇಳಿ ನಿನ್ನನ್ನ ಮತ್ತೆ ಒಳಗೆ ಬಿಡಿಸ್ತೀನಿ."

ಕಲಿತೆ. ಅದಕ್ಕೂ ಒಂದು ಕ್ರಮವಿದೆ, ಕೇಳಿ. ಸಾಹೇಬರ ಎಡಗಡೆ ತಪ್ಪಿಯೂ ಹೊಡೆಯಬಾರದು, ಅವರ ಬ್ಯಾಕ್‌ಹ್ಯಾಂಡ್ ಪಾಪ ಹುಟ್ಟಿಯೇ ಇರಲಿಲ್ಲ. ಮೊದಲು ನಾವು ಮುಂದೆ ಹೋಗಬೇಕು, ಅವರು ಬೆವರಬೇಕು, ಚಿಂತೆಯಾಗಬೇಕು. ಆಮೇಲೆ ಕಾಕ್ ಅನ್ನು ಅವರ ಬಲಗಡೆ, ತಲೆಗಿಂತ ಒಂದು ಮೊಳ ಮೇಲೆ, ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ ಎತ್ತಿಕೊಡಬೇಕು. ಅವರು ಧಡ್ ಎಂದು ಸ್ಮ್ಯಾಶ್ ಹೊಡೆದಾಗ ನಾವು ನಿಜವಾಗಿ ಓಡಬೇಕು, ಕಾಕ್ ಒಂದು ಗೇಣಿನಲ್ಲಿ ತಪ್ಪಬೇಕು, "ಅಯ್ಯೋ!" ಎನ್ನಬೇಕು. ಆ ಅಯ್ಯೋ ಹದವಾಗಿ ಬರಬೇಕು, ಜಾಸ್ತಿಯಾದರೆ ನಾಟಕವಾಗುತ್ತದೆ. ಬಸವರಾಜು ಸಾಹೇಬರು ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಾ ಎಲ್ಲರಿಗೂ ಹೇಳುತ್ತಿದ್ದರು: "ಈ ಹುಡುಗಿ ನನ್ನ ಬ್ಯಾಕ್‌ಹ್ಯಾಂಡಿಗೆ ಹೆದರ್ತಾಳೆ ಕಣ್ರೀ. ಆ ಕಡೆ ಕಾಕೇ ಹಾಕಲ್ಲ!"

ಒಳ್ಳೆಯವರು ಅವರು, ಅದೇ ನನಗೆ ಇವತ್ತಿಗೂ ಹೊಟ್ಟೆ ಉರಿಸುವ ವಿಷಯ. ಕೆಟ್ಟವರಾಗಿದ್ದರೆ ಬೈದುಕೊಂಡು ಹಾಯಾಗಿರಬಹುದಿತ್ತು. ನನಗೆ ಮೊದಲ ಒಳ್ಳೆಯ ರಾಕೆಟ್ ತಂದುಕೊಟ್ಟವರು ಅವರೇ. ಅಪ್ಪನನ್ನು ಅರಕಲಗೂಡಿಗೆ ವರ್ಗ ಮಾಡಿದಾಗ, ಅಮ್ಮನಿಗೆ ಆಪರೇಷನ್ ಆಗಿ ಮನೆಯಲ್ಲಿ ನೀರು ಸೇದುವವರೂ ಇಲ್ಲದ ಕಾಲದಲ್ಲಿ, ಮೇಲಿನವರ ಹತ್ತಿರ ಹೋಗಿ ಹೇಳಿ ಮತ್ತೆ ಹೊಳೆನರಸೀಪುರಕ್ಕೆ ಕರೆಸಿಕೊಂಡವರೂ ಅವರೇ. ಅಂದಿನಿಂದ ನಮ್ಮ ಮನೆಯಲ್ಲಿ ಅವರ ಹೆಸರು ಹೇಳುವ ಮೊದಲು ಅಪ್ಪ ಹೆಗಲ ಮೇಲಿನ ವಸ್ತ್ರ ಸರಿ ಮಾಡಿಕೊಳ್ಳುತ್ತಿದ್ದರು.

ಹದಿನಾರು ತುಂಬುವ ಹೊತ್ತಿಗೆ ನಾನು ಶಾಲೆಗಳ ಪಂದ್ಯದಲ್ಲಿ ತಾಲ್ಲೂಕು ಗೆದ್ದು, ಚನ್ನರಾಯಪಟ್ಟಣದಲ್ಲಿ ಜಿಲ್ಲೆಯ ಪಂದ್ಯಕ್ಕೆ ಹೋದೆ. ಅಲ್ಲಿ ನನ್ನ ಬಂಡವಾಳ ಬಯಲಾಯಿತು. ಮೊದಲ ಗೇಮ್ ಸರಾಗವಾಗಿ ಗೆದ್ದೆ. ಎರಡನೆಯದರಲ್ಲಿ ಹತ್ತು–ನಾಲ್ಕು. ಆಗೆಲ್ಲ ಹೆಂಗಸರ ಸಿಂಗಲ್ಸ್ ಹನ್ನೊಂದು ಪಾಯಿಂಟಿಗೆ. ಸರ್ವಿಸ್ ಕೈಲಿದ್ದವರಿಗೆ ಮಾತ್ರ ಪಾಯಿಂಟು. ಒಂದೇ ಒಂದು ಬೇಕಿತ್ತು. ಅಲ್ಲಿಂದ ನನ್ನ ಕೈ ನನ್ನ ಮಾತು ಕೇಳಲಿಲ್ಲ. ಎದುರಾಳಿಯ ಬಲಗಡೆ, ತಲೆಗಿಂತ ಒಂದು ಮೊಳ ಮೇಲೆ, ಕಾಕ್ ತಾನಾಗಿಯೇ ಹೋಗಿ ನಿಲ್ಲುತ್ತಿತ್ತು. ಆ ಹುಡುಗಿ ಹೊಡೆದಳು, ಹೊಡೆದಳು, ಗೆದ್ದೇ ಹೋದಳು. ಮೂರನೆಯ ಗೇಮಿನಲ್ಲೂ ಅದೇ ಕಥೆ.

ಹೊರಗೆ ಬಂದು ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದಾಗ ಹಿಂದಿನಿಂದ ಒಂದು ಗಡಸು ದನಿ ಬಂತು. "ಏನ್ ಅಮ್ಮಣ್ಣಿ, ಯಾರ ಮಗಳು ನೀನು?" ಅಪ್ಪನ ಹೆಸರು ಹೇಳಿದೆ. "ಅಯ್ನೋರ ಮಗಳಾ? ಅದ್ಕೇಯಾ! ದೇವಸ್ಥಾನದಾಗೆ ಪ್ರಸಾದ ಕೊಟ್ಟಂಗೆ ಕೊಡ್ತೀಯಲ್ಲವ್ವಾ ಪಾಯಿಂಟ್‌ನ!"

ಅವರೇ ಮಂಜುನಾಥ ಮೇಷ್ಟ್ರು. ಕಟ್ಟಾಯದ ಕಡೆಯ ಒಕ್ಕಲು ಮನೆತನ, ಚನ್ನರಾಯಪಟ್ಟಣದ ಹೈಸ್ಕೂಲೊಂದರಲ್ಲಿ ಡ್ರಿಲ್ ಮೇಷ್ಟ್ರು, ವಿಶ್ವವಿದ್ಯಾಲಯದ ತಂಡಕ್ಕೆ ಆಡಿದವರು. ಬಾಯಿ ಬಿಟ್ಟರೆ ಬೈಗುಳ. ನಾನು ಅಳುತ್ತಾ ಕ್ಲಬ್ಬಿನ ಕಥೆಯನ್ನೆಲ್ಲ ಹೇಳಿದೆ. ಮೊದಲು ಬಿದ್ದು ಬಿದ್ದು ನಕ್ಕರು. ಆಮೇಲೆ ಮುಖ ಕೆಂಪಾಯಿತು. "ಥೂ, ಇವರ ಮನೆ ಕಾಯ್ವಾಗ! ಇಂಥ ಕೈ ಇರೋ ಮಗೀಗೆ ಸೋಲೋದು ಕಲಿಸವ್ರಲ್ಲ! ಬಾ ಭಾನುವಾರ. ನಿನ್ನ ಕೈಗೆ ಅಂಟಿರೋ ದಾನಬುದ್ಧಿಯ ನಾನು ಬುಡಿಸ್ತೀನಿ."

ಮೇಷ್ಟ್ರಿಗೆ ಕೋರ್ಟ್ ಎಂದು ಇದ್ದದ್ದು ಕೊಬ್ಬರಿ ಮಂಡಿಯವರ ಹಳೆಯ ಗೋಡೌನು. ಕೊಬ್ಬರಿ ಖಾಲಿಯಾದಾಗ ನೆಲಕ್ಕೆ ಸುಣ್ಣದಲ್ಲಿ ಗೆರೆ ಎಳೆದು ನೆಟ್ ಕಟ್ಟುತ್ತಿದ್ದರು. ಎಣ್ಣೆಯ ಜಿಡ್ಡಿಗೆ ಕಾಲು ಜಾರುತ್ತಿತ್ತು, ಬೂಟಿನ ತಳಕ್ಕೆ ಬೂದಿ ತಿಕ್ಕಿಕೊಂಡು ಆಡುತ್ತಿದ್ದೆವು. ಪ್ರತಿ ಭಾನುವಾರ ಬೆಳಗಿನ ಬಸ್ಸಿಗೆ ಹೋಗಿ ಸಂಜೆಗೆ ಬರುತ್ತಿದ್ದೆ. ಅವರು ನನಗೆ ಬೇರೇನೂ ಕಲಿಸಲಿಲ್ಲ, ಕೊನೆಯ ಪಾಯಿಂಟ್ ಒಂದನ್ನೇ ಕಲಿಸಿದರು. ಹತ್ತು–ಒಂಬತ್ತು ಎಂದು ಕೂಗಿ ಆಟ ಶುರು ಮಾಡುವುದು. ಕೈ ಜಾರಿ ಕಾಕ್ ಎತ್ತಿಕೊಟ್ಟರೆ, "ಕೊಟ್ಯಾ? ಕೊಟ್ಯಾ? ಓಡು!" ಎಂದು ಗೋಡೌನು ಸುತ್ತಿಸುವುದು. ನಾನು ಓಡಿ ಓಡಿ ಸಾಯುತ್ತಿದ್ದೆ. ಭಾನುವಾರ ಅವರು ಬಿಡಿಸಿದ್ದನ್ನು ಸೋಮವಾರದಿಂದ ಶನಿವಾರದವರೆಗೆ ಕ್ಲಬ್ಬಿನಲ್ಲಿ ಸಾಹೇಬರು ಮತ್ತೆ ಅಂಟಿಸುತ್ತಿದ್ದರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತಾಗಿತ್ತು ನನ್ನ ಪಾಡು.

"ಅಲ್ಲಿಗೆ ಓಗೋದ ಬುಟ್ಬುಡು" ಎಂದರು ಮೇಷ್ಟ್ರು ಕೊನೆಗೆ. "ಇಲ್ಲಾಂದ್ರೆ ನನ್ನತ್ರ ಬರೋದ ಬುಡು. ಎರಡೂ ಆಗಾಕಿಲ್ಲ ಕಣವ್ವ."

ಕ್ಲಬ್ ಬಿಟ್ಟೆ. ಅಪ್ಪ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಸಾಹೇಬರ ಹತ್ತಿರ ನನಗೆ ಪರೀಕ್ಷೆ ಎಂದು ಹೇಳಿದರಂತೆ, ಆಮೇಲೆ ಜ್ವರ ಎಂದರಂತೆ, ಆಮೇಲೆ ಏನು ಹೇಳಿದರೋ. ನನಗೆ ಅದರ ಗೊಡವೆಯೇ ಇರಲಿಲ್ಲ. ನನ್ನ ಕೈ ನಿಧಾನವಾಗಿ ನನ್ನದಾಗುತ್ತಿತ್ತು. ಮೈಸೂರಿನಲ್ಲಿ ಒಂದು ಟೂರ್ನಮೆಂಟ್ ಗೆದ್ದೆ, ದಾವಣಗೆರೆಯಲ್ಲಿ ಸೆಮಿಫೈನಲ್ ಮುಟ್ಟಿದೆ. ಹತ್ತಕ್ಕೆ ಬಂದು ಹನ್ನೊಂದನ್ನು ಕಿತ್ತುಕೊಳ್ಳುವುದರ ರುಚಿ ಹತ್ತಿತು. ಆಹಾ, ಆ ರುಚಿ! ಜೀವಮಾನವೆಲ್ಲ ಶಟಲ್ ಆಡಿಕೊಂಡೇ ಬದುಕಬೇಕು, ಅದೇ ನನ್ನ ಉದ್ಯೋಗ ಎಂದು ತೀರ್ಮಾನ ಮಾಡಿಬಿಟ್ಟೆ. ಮೇಷ್ಟ್ರು ದಾರಿಯನ್ನೂ ಹೇಳಿದರು. ಹತ್ತೊಂಬತ್ತರ ಒಳಗಿನವರಿಗೆ ಹಾಸನದಲ್ಲಿ ನಡೆಯುವ ಆಯ್ಕೆ ಪಂದ್ಯ ಗೆದ್ದ ಒಬ್ಬರಿಗೆ ಬೆಂಗಳೂರಿನ ರಾಜ್ಯ ಶಿಬಿರ. ಅಲ್ಲಿ ಊಟ, ವಸತಿ, ಮರದ ಕೋರ್ಟು. ಅಲ್ಲಿ ನಿಂತವರನ್ನು ರೈಲ್ವೆಯವರು, ಬ್ಯಾಂಕಿನವರು ಬಂದು ಎತ್ತಿಕೊಂಡು ಹೋಗುತ್ತಾರೆ. ನನಗೆ ಅದು ಕೊನೆಯ ವರ್ಷ, ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತಿತ್ತು. ಮನೆಯಲ್ಲಿ ಅಮ್ಮ ಆಗಲೇ ಜಾತಕ ತೆಗೆದು ಇಟ್ಟಿದ್ದಳು.

ತೊಂಬತ್ತೆಂಟರ ಜನವರಿ. ಫೈನಲ್ಲಿಗೆ ಬಂದೆ. ಎದುರಾಳಿ ಯಾರು? ಅನುಶ್ರೀ. ಬಸವರಾಜು ಸಾಹೇಬರ ಒಬ್ಬಳೇ ಮಗಳು, ಬೆಂಗಳೂರಿನಲ್ಲಿ ಅಜ್ಜಿಯ ಮನೆಯಲ್ಲಿದ್ದುಕೊಂಡು ಓದುತ್ತಾ ಅಲ್ಲಿಯೇ ಕೋಚಿಂಗ್ ಪಡೆದವಳು, ಸ್ವಂತ ಜಿಲ್ಲೆ ಎಂದು ಹಾಸನಕ್ಕೆ ಬಂದು ಆಡುತ್ತಿದ್ದಳು. ಒಳ್ಳೆಯ ಆಟಗಾರ್ತಿ, ಅದರಲ್ಲಿ ಎರಡು ಮಾತಿಲ್ಲ. ನನ್ನ ಹಣೆಬರಹಕ್ಕೆ ಏನೆನ್ನಲಿ! ಜಿಲ್ಲೆಯಲ್ಲಿ ಅಷ್ಟು ಜನ ಹುಡುಗಿಯರು ರಾಕೆಟ್ ಹಿಡಿದಿರುವಾಗ ಇವಳೇ ಬರಬೇಕೆ?

ಫೈನಲ್ಲಿನ ಬೆಳಿಗ್ಗೆ ಅಪ್ಪ ನನ್ನ ಜೊತೆ ಹಾಸನಕ್ಕೆ ಬಂದರು. ಬಸ್ ಸ್ಟ್ಯಾಂಡಿನ ಎದುರು ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಾ, ತಟ್ಟೆಯನ್ನೇ ನೋಡಿಕೊಂಡು ಹೇಳಿದರು: "ಸಾಹೇಬರು ನಮಗೆ ಎಷ್ಟು ಮಾಡಿದಾರೆ ಅನ್ನೋದು ಮರೀಬೇಡ ಹಂಸು. ಉಪ್ಪು ತಿಂದ ಮನೆ."

"ಉಪ್ಪು ತಿಂದಿದ್ದಕ್ಕೆ ಐದಾರು ವರ್ಷ ಸೋತಿದ್ದೀನಿ ಅಪ್ಪ. ಇವತ್ತು ಗೆಲ್ತೀನಿ."

"ಸರಿ ಸರಿ, ಚಟ್ನಿ ಹಾಕಿಸ್ಕೋ" ಎಂದರು ಅಪ್ಪ.

ಒಳಾಂಗಣ ಕ್ರೀಡಾಂಗಣ ತುಂಬಿತ್ತು. ಬಸವರಾಜು ಸಾಹೇಬರು ಮುಂದಿನ ಸಾಲಿನಲ್ಲಿ ಕೂತು ಪಕ್ಕದವರಿಗೆ ಹೇಳುತ್ತಿದ್ದುದು ನನಗೆ ಕೇಳಿಸಿತು: "ಇಬ್ಬರೂ ನಮ್ಮ ಹುಡುಗೀರೇ ಕಣ್ರೀ. ಒಬ್ಬಳು ಹೆತ್ತ ಮಗಳು, ಇನ್ನೊಬ್ಬಳು ನಾನು ತಯಾರು ಮಾಡಿದೋಳು." ಮಂಜುನಾಥ ಮೇಷ್ಟ್ರು ಮೆಟ್ಟಿಲ ಮೇಲೆ ಒಬ್ಬರೇ ಮೊಣಕಾಲು ತಬ್ಬಿಕೊಂಡು ಕೂತಿದ್ದರು.

ಮೊದಲ ಗೇಮ್ ಅವಳದು, ಎರಡನೆಯದು ನನ್ನದು. ಮೂರನೆಯದರಲ್ಲಿ ನಾನು ಹತ್ತು, ಅವಳು ಎಂಟು. ಸರ್ವಿಸ್ ನನ್ನ ಕೈಲಿ. ಪ್ರಮಾಣವಾಗಿ ಹೇಳುತ್ತೇನೆ, ನನ್ನ ಕೈ ಒಂದು ಕೂದಲಷ್ಟೂ ಸಡಿಲವಾಗಲಿಲ್ಲ. ಅವಳ ಎಡಗಡೆಗೇ ಹೊಡೆದೆ, ಮೂಲೆಗೇ ಹೊಡೆದೆ, ನೆಟ್ಟಿಗೆ ಅಂಟಿಸಿ ಡ್ರಾಪ್ ಹಾಕಿದೆ. ಅವಳು ಅದನ್ನೂ ಎತ್ತಿದಳು. ಕಾಕ್ ನೆಟ್ಟಿನ ಪಟ್ಟಿಯನ್ನು ಸವರಿ ನನ್ನ ಕಡೆ ಸತ್ತು ಬಿತ್ತು. ಸರ್ವಿಸ್ ಹೋಯಿತು. ಅವಳು ಒಂಬತ್ತು ಮಾಡಿದಳು. ಆ ಹೊತ್ತಿಗೆ ನನ್ನ ಬಲಗಾಲಿನ ಮೀನಖಂಡ ಹಿಡಿದುಕೊಂಡಿತ್ತು. ಅವಳು ಹತ್ತು ಮಾಡಿದಳು.

ಹತ್ತು–ಹತ್ತು ಆದಾಗ, ಮೊದಲು ಹತ್ತು ಮುಟ್ಟಿದವರನ್ನು ಅಂಪೈರ್ ಕೇಳುವುದು ಆಗಿನ ನಿಯಮ. ಸೆಟ್ ಬೇಕೆಂದರೆ ಇನ್ನೂ ಮೂರು ಪಾಯಿಂಟಿಗೆ ಆಟ ಬೆಳೆಯುತ್ತದೆ, ಬೇಡವೆಂದರೆ ಒಂದೇ ಪಾಯಿಂಟಿಗೆ ತೀರ್ಮಾನ. ಸರ್ವಿಸ್ ಎದುರಾಳಿಯ ಕೈಲಿರುವಾಗ ಬುದ್ಧಿ ನೆಟ್ಟಗಿರುವ ಯಾರೂ ಬೇಡ ಎನ್ನುವುದಿಲ್ಲ. ನಾನು ಬೇಡ ಎಂದೆ. ಕಾಲು ಇನ್ನು ತಡೆಯುವ ಹಾಗಿರಲಿಲ್ಲ. ಅದಕ್ಕಿಂತ ದೊಡ್ಡ ಭಯ ಬೇರೆಯಿತ್ತು: ಆಟ ಬೆಳೆದರೆ, ಸುಸ್ತಾದರೆ, ಆ ಹಳೆಯ ಕೈ ಎಚ್ಚರವಾಗಿಬಿಟ್ಟರೆ? ಅದು ಮಲಗಿರುವಾಗಲೇ ಮುಗಿಸಿಬಿಡಬೇಕು ಎಂದುಕೊಂಡೆ. ಕೂತವರೆಲ್ಲ "ಆಂ?" ಎಂದರು.

ಆ ಒಂದು ಪಾಯಿಂಟ್ ಎಷ್ಟು ಹೊತ್ತು ನಡೆಯಿತೋ ಗೊತ್ತಿಲ್ಲ. ನನ್ನ ಜನ್ಮದಲ್ಲಿ ಅಷ್ಟು ಚೆನ್ನಾಗಿ ನಾನು ಆಡಿಲ್ಲ. ಕೊನೆಗೆ ಅವಳು ಸುಸ್ತಾಗಿ ಒಂದು ಟಾಸ್ ಎತ್ತಿದಳು, ಅರ್ಧ ಕೋರ್ಟಿಗೇ ಬಂತು. ನನ್ನ ಬಲಗಡೆ, ತಲೆಯ ಮೇಲೆ. ಹಾರಿದೆ, ಇದ್ದ ಬದ್ದ ಜೀವವನ್ನೆಲ್ಲ ಮಣಿಕಟ್ಟಿಗೆ ತಂದು ಅವಳ ಎಡಗೆರೆಗೆ ಬಾರಿಸಿದೆ. ಅವಳು ನಿಂತಲ್ಲೇ ನಿಂತಿದ್ದಳು, ಕದಲಲೇ ಇಲ್ಲ. ಲೈನಿನವನು ಎರಡೂ ಕೈ ಅಗಲ ಮಾಡಿದ. ಒಂದು ಬೆರಳಷ್ಟು ಆಚೆ.

ಸೋತೆ. ಕೋರ್ಟಿನ ಮಧ್ಯೆ ಕೂತುಬಿಟ್ಟೆ. ದುಃಖ ಬಂತು, ಆದರೆ ಆ ದುಃಖದ ಒಳಗೆ ಎಲ್ಲೋ ಒಂದು ಸಮಾಧಾನವೂ ಇತ್ತು, ಸುಳ್ಳೇಕೆ ಹೇಳಲಿ. ಇದು ನಾನು ಯಾರಿಗೂ ಕೊಟ್ಟ ಸೋಲಲ್ಲ, ನನ್ನದೇ ಸೋಲು. ಇಂಥ ಸೋಲು ಸೋತವಳು ನಾಳೆ ಗೆಲ್ಲಬಲ್ಲಳು ಎನ್ನಿಸಿತು. ಆ ಸಮಾಧಾನ ನೆಟ್ಟಿನ ಹತ್ತಿರ ಹೋಗುವ ತನಕ ಇತ್ತು.

ಅನುಶ್ರೀ ಕೈ ಕೊಟ್ಟಳು, ಮುಖ ಕೊಡಲಿಲ್ಲ. "ಯಾಕೆ ಸೆಟ್ ಬೇಡ ಅಂದೆ? ನಮ್ಮಪ್ಪ ನಿಂಗೆ ಏನಾದ್ರೂ ಹೇಳಿದ್ರಾ?"

"ಇಲ್ಲ ಕಣೆ! ಕಾಲು ಹಿಡ್ಕೊಂಡಿತ್ತು."

"ಎಲ್ಲರೂ ಹಾಗೇ ಅಂತಿದಾರೆ" ಎಂದು ಕೈ ಎಳೆದುಕೊಂಡಳು. ಕಪ್ ತೆಗೆದುಕೊಳ್ಳುವಾಗ ಆ ಹುಡುಗಿ ನಗಲಿಲ್ಲ. ಅವಳ ಗೆಲುವಿಗೂ ಮಸಿ ಬಿತ್ತು, ಪಾಪ.

ಹೊರಗೆ ಜೀಪಿನ ಹತ್ತಿರ ಸಾಹೇಬರು ನನ್ನನ್ನು ಕರೆದರು. ಕಣ್ಣು ಒದ್ದೆಯಾಗಿತ್ತು. "ಹಂಸ, ಇಷ್ಟು ವರ್ಷದಿಂದ ಆಡ್ತಿದೀನಿ, ನನಗೆ ಗೊತ್ತಾಗಲ್ವೇನಮ್ಮ? ಗೆಲ್ಲೋ ಆಟ ಅದು ನಿಂದು. ದೊಡ್ಡ ಮನಸ್ಸು ಮಾಡಿದೆ. ಈ ಋಣ ನಾನು ಇಟ್ಕೊಳ್ಳಲ್ಲ." ನನಗೆ ನಗು ಬಂತೋ, ಅಳು ಬಂತೋ. ಐದಾರು ವರ್ಷ ದಿನಾ ಸಂಜೆ ಎತ್ತಿ ಎತ್ತಿ ಕೊಟ್ಟಾಗ ಒಂದು ದಿನಕ್ಕೂ ಅನುಮಾನ ಪಡದ ಮಹಾನುಭಾವರು, ಕೊಡದೇ ಇದ್ದ ಒಂದೇ ಒಂದು ದಿನ ಕೊಟ್ಟಳೆಂದು ಕಂಡುಹಿಡಿದುಬಿಟ್ಟರು! "ಇಲ್ಲ ಸಾರ್, ನಾನು ಬಿಟ್ಟುಕೊಡಲಿಲ್ಲ" ಎಂದೆ. "ಅದು ನಿನ್ನ ಸಂಸ್ಕಾರ ಕಣಮ್ಮ" ಎಂದು ತಲೆ ಸವರಿ ಜೀಪು ಹತ್ತಿದರು.

ಮೆಟ್ಟಿಲ ಮೇಲೆ ನೋಡಿದೆ. ಮೇಷ್ಟ್ರು ಇರಲಿಲ್ಲ.

ಭಾನುವಾರದ ತನಕ ಕಾದು ಚನ್ನರಾಯಪಟ್ಟಣಕ್ಕೆ ಹೋದೆ. ಯಾರು ಏನಾದರೂ ಅನ್ನಲಿ, ಅವರಿಗೆ ಗೊತ್ತಿರುತ್ತದೆ. ನನ್ನ ಕೈಯ ಒಂದೊಂದು ನರವೂ ಅವರಿಗೆ ಗೊತ್ತು. ಹೆಂಗಸರ ಪಂದ್ಯಗಳಿವೆ, ಇನ್ನೊಂದು ವರ್ಷ ದುಡಿದರೆ ಬೇರೆ ದಾರಿ ಆದೀತು, ಅವರೊಬ್ಬರು ಬೆನ್ನಿಗೆ ನಿಂತರೆ ಸಾಕು. ಗೋಡೌನಿನಲ್ಲಿ ಅವರು ನೆಟ್ ಬಿಚ್ಚುತ್ತಿದ್ದರು.

"ಸಾ" ಎಂದೆ.

ತಿರುಗಲಿಲ್ಲ. "ಏನು ಬಂದೆ?"

"ಕಾಲು ಹಿಡ್ಕೊಂಡಿತ್ತು ಸಾ. ಅದ್ಕೇ ಸೆಟ್ ಬೇಡ ಅಂದಿದ್ದು. ಬೇಗ ಮುಗಿಸೋಣ ಅಂತ. ನಾನು ಕೊಡಲಿಲ್ಲ ಸಾ. ನೀವಾದ್ರೂ ನಂಬಿ."

"ನಂಬ್ತಿದ್ದೆ ಕಣವ್ವ" ಎಂದರು. ದನಿಯಲ್ಲಿ ಬೈಗುಳವೇ ಇರಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. "ಎದುರಿಗೆ ಬ್ಯಾರೆ ಯಾರಾನಾ ಇದ್ದಿದ್ರೆ ನಂಬ್ತಿದ್ದೆ. ಅತ್ತು–ಎಂಟ್ರಾಗಿದ್ದೋಳು, ಸರ್ವಿಸ್ ಅವಳ ಕೈನಾಗೈತೆ, ಸೆಟ್ ಬ್ಯಾಡ ಅಂತೀಯ. ಆಮ್ಯಾಕೆ ಹೂವಿನಂಗೆ ಬಂದ ಕಾಕ ಆಚೆಗೆ ಒಡೀತೀಯ. ಅದೂ ಒಂದು ಬೆರಳಷ್ಟೇಯ! ಅಷ್ಟು ಕರೆಕ್ಟಾಗಿ ಆಚೆಗೆ ಒಡಿಯೋಕೆ ನಿನ್ನ ಬುಟ್ರೆ ಈ ಜಿಲ್ಲೇನಾಗೆ ಯಾರಿಗವ್ವಾ ಬತ್ತದೆ?"

ಮೇಷ್ಟ್ರು ನೆಟ್ಟಿನ ಕೊನೆಯ ಗಂಟು ಬಿಚ್ಚಿದರು.

"ಉಟ್ಟುಗುಣ ಸುಟ್ರೂ ಓಗಲ್ಲ ಅಂತ ನಮ್ಮವ್ವ ಯೋಳೋಳು. ನಾನೇ ದಡ್ಡ. ಮನೀಗ್ ಓಗು ತಾಯಿ, ಇನ್ಮ್ಯಾಕೆ ಬರಬ್ಯಾಡ." ನೆಟ್ ಸುರುಳಿ ಸುತ್ತಿ ಹೆಗಲಿಗೆ ಹಾಕಿಕೊಂಡು, ಬಾಗಿಲು ಎಳೆದುಕೊಂಡು ಹೊರಟೇಹೋದರು. ನಾನು ಬಸ್ ಸ್ಟ್ಯಾಂಡಿನಲ್ಲಿ ತೆಂಗಿನಕಾಯಿ ಮೂಟೆಗಳ ಮೇಲೆ ಕೂತು ಗೊಳೋ ಎಂದು ಅತ್ತೆ. ಯಾರೋ ಹೆಂಗಸು ನೀರು ಕೊಟ್ಟಳು.

ಮನೆಗೆ ಬಂದರೆ ಅಪ್ಪ ಪಡಸಾಲೆಯಲ್ಲಿ ಉಯ್ಯಾಲೆಯ ಮೇಲೆ ಕೂತು ಅಮ್ಮನಿಗೆ ಏನೋ ಹೇಳಿ ನಗುತ್ತಿದ್ದರು. ನನ್ನನ್ನು ನೋಡಿದ ಕೂಡಲೇ, "ಬಾ ಬಾ ಹಂಸು, ಕೇಳು ಇಲ್ಲಿ. ನಿನ್ನೆ ಸಾಹೇಬರು ಚೇಂಬರಿಗೆ ಕರೆಸಿದ್ರು. ಕೂತ್ಕೊಳ್ಳಿ ಚಲುವನಾರಾಯಣ ಅಂದ್ರು! ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ನನ್ನನ್ನ ಯಾವ ಸಾಹೇಬರೂ ಕೂರಿಸಿರಲಿಲ್ಲ. ನಿನಗೆ ಟೈಪಿಂಗ್ ಕಲಿಯೋಕೆ ಹೇಳಿದಾರೆ, ಕಚೇರಿಯಲ್ಲೇ ಜಾಗ ಮಾಡಿಕೊಡ್ತಾರಂತೆ. ಎಂಥ ಮಗಳನ್ನ ಹೆತ್ತಿದೀರಿ ಅಂದ್ರು" ಎಂದರು. ನಾನು ಮೈಸೂರಿನಲ್ಲಿ ಗೆದ್ದು ಕಪ್ ತಂದಾಗ ಅವರ ಮುಖದಲ್ಲಿ ಈ ಬೆಳಕು ಇರಲಿಲ್ಲ. ನನ್ನ ಇಡೀ ಆಯಸ್ಸಿನಲ್ಲಿ ನಮ್ಮಪ್ಪ ನನ್ನನ್ನು ಅಷ್ಟು ಹೆಮ್ಮೆಯಿಂದ ನೋಡಿದ್ದು ಅದೇ ಮೊದಲು.

ರಾಕೆಟ್ ಚೀಲವನ್ನು ಗೋಡೆಗೆ ಬೀಸಿ ಎಸೆದೆ. "ನಾನು ಬಿಟ್ಟುಕೊಡಲಿಲ್ಲ ಅಪ್ಪ! ಸೋತೆ! ಗೆಲ್ಲೋಕೇ ಅಂತ ಆಡಿ ಸೋತೆ! ನಿಮ್ಮ ಸಾಹೇಬರಿಗೂ ಅಲ್ಲ, ನಿಮಗೂ ಅಲ್ಲ, ಯಾರಿಗೂ ನಾನು ಏನೂ ಕೊಡಲಿಲ್ಲ! ನರಸಿಂಹಸ್ವಾಮಿ ಆಣೆ, ಸೋತೆ!"

ಅಮ್ಮ ಗಾಬರಿಯಾಗಿ ಎದ್ದು ನಿಂತಳು. ಅಪ್ಪ ಉಯ್ಯಾಲೆಯಿಂದ ಇಳಿದು ಹೋಗಿ ಬೀದಿ ಬಾಗಿಲು ಹಾಕಿದರು. ಹತ್ತಿರ ಬಂದು ನನ್ನ ತಲೆಯ ಮೇಲೆ ಕೈ ಇಟ್ಟರು.

"ಹೀಗೇ ಹೇಳು ಮಗಳೇ" ಎಂದರು ತಗ್ಗಿದ ದನಿಯಲ್ಲಿ. "ಯಾರು ಕೇಳಿದರೂ ಹೀಗೇ ಹೇಳು."